ವ್ಯವಹಾರಕ್ಕೆ ಬ್ಲಾಗೋ ವೆಬ್‌ಸೈಟೋ: ಆರಿಸುವುದು, ಕಟ್ಟುವುದು, ನಡೆಸುವುದು

ಬ್ಲಾಗ್‌ಗೂ ವೆಬ್‌ಸೈಟ್‌ಗೂ ನಡುವೆ ತಾಂತ್ರಿಕವಾಗಿ ಗೋಡೆಯೇನೂ ಇಲ್ಲ. ವರ್ಡ್‌ಪ್ರೆಸ್ 2003ರಲ್ಲಿ ಶುರುವಾದದ್ದು ಬ್ಲಾಗ್ ಬರೆಯುವ ಸಾಧನವಾಗಿ. ಇವತ್ತು ಒಂದೇ ಒಂದು ಬ್ಲಾಗ್ ಬರಹವೂ ಇಲ್ಲದ ಕಂಪನಿ ತಾಣಗಳು, ಆನ್‌ಲೈನ್ ಅಂಗಡಿಗಳು ಅದರ ಮೇಲೇ ನಡೆಯುತ್ತಿವೆ. ಹಾಗಾಗಿ ಯಾವ ಸಾಫ್ಟ್‌ವೇರ್ ಎಂಬಲ್ಲಿಂದ ಶುರುಮಾಡಿದರೆ ದಾರಿ ತಪ್ಪುತ್ತದೆ. ಮೊದಲು ನೋಡಬೇಕಾದ್ದು ಎರಡೇ: ಪುಟಕ್ಕೆ ಎಷ್ಟು ಆಯಸ್ಸು, ಅದನ್ನು ನೋಡಿಕೊಳ್ಳುವವರು ಯಾರು.

ಸ್ಥಿರ ಪುಟ ಒಂದೇ ವಿಳಾಸದಲ್ಲಿ ಕೂತಿರುತ್ತದೆ. ಸೇವೆ, ದರ, ಸಂಪರ್ಕ, ನಮ್ಮ ಬಗ್ಗೆ ಇವೆಲ್ಲ ಆ ಜಾತಿಯವು. ವಿಷಯ ಬದಲಾದರೆ ಅದೇ ಪುಟವನ್ನು ತಿದ್ದುತ್ತೀರಿ. ಬ್ಲಾಗ್ ಬರಹಕ್ಕೆ ತಾರೀಖು ಇರುತ್ತದೆ, ಹೊಸದು ಮೇಲೆ ಬಂದಂತೆ ಹಳೆಯದು ಕೆಳಕ್ಕೆ ಸರಿಯುತ್ತದೆ. ಬರುವವರೂ ಬೇರೆ. ಸ್ಥಿರ ಪುಟಕ್ಕೆ ಬರುವವರು ನಿಮ್ಮ ಹೆಸರನ್ನೋ ನಿಮ್ಮ ಸೇವೆಯನ್ನೋ ಹುಡುಕಿಕೊಂಡು ಬಂದವರು, ಫೋನ್ ಮಾಡುವುದಕ್ಕೆ ಒಂದು ಹೆಜ್ಜೆ ದೂರದಲ್ಲಿರುವವರು. ಬ್ಲಾಗ್ ಬರಹಕ್ಕೆ ಬರುವವರಿಗೆ ನಿಮ್ಮ ಪರಿಚಯವೇ ಇಲ್ಲ. ಅವರಿಗೊಂದು ತೊಂದರೆ ಇದೆ, ಅದಕ್ಕೆ ಉತ್ತರ ಬೇಕು, ಅಷ್ಟೇ.

ಯಾರಿಗೆ ಯಾವುದು

ಹೆಚ್ಚಿನ ಸಣ್ಣ ವ್ಯವಹಾರಗಳಿಗೆ ಮೊದಲು ಬೇಕಾದ್ದು ಐದಾರು ಗಟ್ಟಿಯಾದ ಸ್ಥಿರ ಪುಟಗಳು. ಬ್ಲಾಗ್ ಆಮೇಲಿನ ಮಾತು, ಕೆಲವರಿಗೆ ಬೇಡವೂ ಹೌದು. ಬ್ಲಾಗನ್ನು ತಾಣದ ಒಂದು ಅಲಂಕಾರ ಎಂದುಕೊಂಡವರು ಮೂರು ಬರಹ ಹಾಕಿ ನಿಲ್ಲಿಸುತ್ತಾರೆ. ಎರಡು ವರ್ಷ ಹಳೆಯ ತಾರೀಖು ಮುಖಪುಟದಲ್ಲೇ ಕಾಣುತ್ತಿದ್ದರೆ, ಈ ಅಂಗಡಿ ಇನ್ನೂ ನಡೆಯುತ್ತಿದೆಯೇ ಎಂಬ ಅನುಮಾನ ಬರುತ್ತದೆ. ಬ್ಲಾಗ್ ಇಲ್ಲದಿದ್ದರೆ ಆ ಅನುಮಾನಕ್ಕೆ ಜಾಗವೇ ಇರುತ್ತಿರಲಿಲ್ಲ.

ತೀರ್ಮಾನಿಸಲು ಒಂದು ಸುಲಭ ಪರೀಕ್ಷೆ ಇದೆ. ಕಳೆದ ತಿಂಗಳು ಫೋನ್, ವಾಟ್ಸ್‌ಆ್ಯಪ್, ಇಮೇಲ್‌ಗಳಲ್ಲಿ ಗಿರಾಕಿಗಳು ಕೇಳಿದ್ದನ್ನೆಲ್ಲ ಅವರ ಮಾತಿನಲ್ಲೇ ಒಂದು ಹಾಳೆಗೆ ಇಳಿಸಿ. ‘ಎಷ್ಟಾಗುತ್ತದೆ’, ‘ಎಷ್ಟು ಗಂಟೆಗೆ ತೆಗೆಯುತ್ತೀರಿ’, ‘ಎಲ್ಲಿದೆ’ ಎಂಬಂಥವೇ ತುಂಬಿದ್ದರೆ ಉತ್ತರಗಳು ಸ್ಥಿರ ಪುಟಕ್ಕೆ ಸೇರಿದವು, ಬ್ಲಾಗ್ ಬೇಡ. ಐದಾರು ವಾಕ್ಯದಲ್ಲಿ ಮುಗಿಯದ, ಒಂದಕ್ಕೊಂದು ಬೇರೆಯಾದ 12 ಪ್ರಶ್ನೆಗಳಾದರೂ ಸಿಕ್ಕರೆ ಬ್ಲಾಗ್‌ಗೆ ಸರಕಿದೆ ಎಂದರ್ಥ. ವಸ್ತು ದುಬಾರಿಯಿದ್ದು, ಕೊಳ್ಳುವವರು ವಾರಗಟ್ಟಲೆ ವಿಚಾರಿಸಿ ಕೊಳ್ಳುವಂಥ ವ್ಯವಹಾರಗಳಲ್ಲಿ ಹೀಗೆ ಸಿಗುವುದು ಹೆಚ್ಚು.

ಇನ್ನು ಸಮಯದ ಲೆಕ್ಕ. ಫೋಟೊ ತೆಗೆದು, ಬರೆದು, ತಿದ್ದಿ, ಹಾಕುವಷ್ಟರಲ್ಲಿ ಒಂದು ಒಳ್ಳೆಯ ಬರಹ ನಾಲ್ಕೈದು ಗಂಟೆ ತಿನ್ನುತ್ತದೆ. ತಿಂಗಳಿಗೆ ಎರಡು ಬರಹ ಎಂದರೆ ಒಬ್ಬರ ಒಂದು ಇಡೀ ದಿನ. ಆ ದಿನ ಯಾರದು ಎಂದು ಹೆಸರು ಹೇಳಲು ಆಗದಿದ್ದರೆ ಬ್ಲಾಗ್ ಶುರುಮಾಡಬೇಡಿ.

ಬರೀ ಬ್ಲಾಗ್ ಸಾಕಾಗುವುದು ವ್ಯಕ್ತಿಯೇ ವ್ಯವಹಾರ ಆಗಿರುವಲ್ಲಿ, ಅಂದರೆ ಸಲಹೆಗಾರರು, ತರಬೇತುದಾರರು, ಬರಹಗಾರರ ವಿಷಯದಲ್ಲಿ. ಅಲ್ಲೂ ಸೇವೆಗೊಂದು, ಸಂಪರ್ಕಕ್ಕೊಂದು ಸ್ಥಿರ ಪುಟ ಇರಲೇಬೇಕು.

ಡೊಮೇನ್ ನಿಮ್ಮ ಕೈಯಲ್ಲಿರಲಿ

ಡೊಮೇನ್ ಎಂದರೆ ನಿಮ್ಮ ತಾಣದ ವಿಳಾಸದ ಹೆಸರು. ತಾಣ ಕಟ್ಟಿಕೊಡುವವರು ‘ಡೊಮೇನ್ ನಾವೇ ಕೊಳ್ಳುತ್ತೇವೆ’ ಎಂದರೆ ಬೇಡ ಎನ್ನಿ. ನಿಮ್ಮ ಹೆಸರಿನಲ್ಲಿ, ನಿಮ್ಮ ಖಾತೆಯಲ್ಲಿ ನೀವೇ ಕೊಂಡು ಅವರಿಗೆ ಬೇಕಾದಷ್ಟು ಪ್ರವೇಶ ಕೊಡಿ. ಅವರು ಕೆಲಸ ಬಿಟ್ಟ ದಿನ ಡೊಮೇನ್ ಅವರ ಹೆಸರಿನಲ್ಲಿದ್ದರೆ ವಿಳಾಸ ಮರಳಿ ಪಡೆಯುವುದು ದೊಡ್ಡ ರಗಳೆ.

ಖಾತೆಗೆ ಕೊಡುವ ಇಮೇಲ್ ವಿಳಾಸ ಅದೇ ಡೊಮೇನ್‌ನದ್ದಾಗಿರಬಾರದು. ಅವಧಿ ಮುಗಿದು ಡೊಮೇನ್ ನಿಂತರೆ ಅದರ ಮೇಲಿನ ಇಮೇಲ್ ಕೂಡ ನಿಲ್ಲುತ್ತದೆ. ಆಗ ನವೀಕರಿಸಿ ಎಂಬ ಎಚ್ಚರಿಕೆಯೂ ಬರದು, ಪಾಸ್‌ವರ್ಡ್ ಬದಲಿಸುವ ಕೊಂಡಿಯೂ ಬರದು. ತಾನೇ ನವೀಕರಣವಾಗುವ ಆಯ್ಕೆ ಹಾಕಿಡಿ, ಜೊತೆಗೆ ಅದಕ್ಕೆ ಕೊಟ್ಟ ಕಾರ್ಡಿನ ಅವಧಿ ಯಾವಾಗ ಮುಗಿಯುತ್ತದೆ ಎಂದೂ ಬರೆದಿಡಿ. ಹಳೆಯ ಕಾರ್ಡಿನಿಂದಲೂ ಡೊಮೇನ್ ಕೈತಪ್ಪಬಹುದು.

ಉಚಿತ ಬ್ಲಾಗ್ ಸೇವೆಗಳು ಕೊಡುವ ವಿಳಾಸದಲ್ಲಿ ಅವರ ಹೆಸರು ಬಾಲವಾಗಿ ಅಂಟಿರುತ್ತದೆ. ನಾಳೆ ಬೇರೆಡೆಗೆ ಹೋಗಬೇಕಾದರೆ ಹಳೆಯ ಕೊಂಡಿಗಳನ್ನು ಹೊಸ ಜಾಗಕ್ಕೆ ತಿರುಗಿಸುವ ಅಧಿಕಾರ ನಿಮ್ಮ ಕೈಯಲ್ಲಿ ಇರದೇ ಹೋಗಬಹುದು. ಉಚಿತ ಸೇವೆಯಲ್ಲೇ ಶುರುಮಾಡುವುದಿದ್ದರೂ ಮೊದಲ ದಿನದಿಂದಲೇ ಸ್ವಂತ ಡೊಮೇನ್ ಜೋಡಿಸಿ. ಗೂಗಲ್‌ನ ಉಚಿತ ಸೇವೆಯಾದ ಬ್ಲಾಗರ್‌ನಲ್ಲಿ ಇದಕ್ಕೆ ಅವಕಾಶವಿದೆ.

ಸ್ಥಿರ ಪುಟಗಳು

ಮುಖಪುಟ ತೆರೆದಾಗ ಮೊಬೈಲಿನಲ್ಲಿ ಬೆರಳಾಡಿಸುವ ಮುನ್ನ ಕಾಣುವಷ್ಟು ಜಾಗದಲ್ಲಿ ಮೂರು ಸಂಗತಿ ಇರಬೇಕು: ಏನು ಮಾಡುತ್ತೀರಿ, ಯಾರಿಗೆ ಅಥವಾ ಎಲ್ಲೆಲ್ಲಿ ಮಾಡುತ್ತೀರಿ, ಸಂಪರ್ಕಿಸುವುದು ಹೇಗೆ. ‘ಗುಣಮಟ್ಟವೇ ನಮ್ಮ ಧ್ಯೇಯ’ ಎಂಬ ಸಾಲು ಈ ಮೂರರಲ್ಲಿ ಯಾವುದನ್ನೂ ಹೇಳುವುದಿಲ್ಲ. ಫೋನ್ ನಂಬರ್ ಚಿತ್ರದೊಳಗೆ ಕೂತಿರದೆ ಅಕ್ಷರವಾಗಿರಲಿ, ಮುಟ್ಟಿದರೆ ಕರೆ ಹೋಗುವಂತಿರಲಿ.

‘ನಮ್ಮ ಸೇವೆಗಳು’ ಎಂಬ ಒಂದೇ ಪುಟದಲ್ಲಿ ಹತ್ತು ಸೇವೆಗಳ ಪಟ್ಟಿ ಹಾಕುವುದು ಬಹಳ ಸಾಮಾನ್ಯವಾದ ತಪ್ಪು. ಗೂಗಲ್ ಹುಡುಕಾಟದಲ್ಲಿ ಮೇಲೆ ಬರುವುದು ಪುಟ, ಇಡೀ ತಾಣವಲ್ಲ. ಹತ್ತು ಸೇವೆಗೆ ತಲಾ ಎರಡು ಸಾಲಿರುವ ಪುಟ ಯಾವ ಹುಡುಕಾಟಕ್ಕೂ ಸರಿಯಾದ ಉತ್ತರ ಆಗುವುದಿಲ್ಲ. ಮುಖ್ಯವಾದ ಪ್ರತಿ ಸೇವೆಗೂ ಪ್ರತ್ಯೇಕ ಪುಟ ಮಾಡಿ. ಅದರಲ್ಲಿ ಏನೇನು ಸೇರಿದೆ, ಏನು ಸೇರಿಲ್ಲ, ಎಷ್ಟು ದಿನ ಹಿಡಿಯುತ್ತದೆ, ಗಿರಾಕಿ ಏನನ್ನು ಸಿದ್ಧವಾಗಿಡಬೇಕು ಎಂಬುದನ್ನು ಬರೆಯಿರಿ. ಏನು ಸೇರಿಲ್ಲ ಎಂಬುದನ್ನು ಬರೆಯಲು ಎಲ್ಲರೂ ಹಿಂಜರಿಯುತ್ತಾರೆ. ಆದರೆ ಬೇಡದ ಕರೆಗಳನ್ನು ಕಡಿಮೆ ಮಾಡುವುದು ಅದೇ ಸಾಲು.

ಸಂಪರ್ಕ ಫಾರಂ ಕೆಡುವ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಇದು ಸದ್ದಿಲ್ಲದೆ ಕೆಡುತ್ತದೆ. ಬಂದವರು ಫಾರಂ ತುಂಬುತ್ತಾರೆ, ‘ಧನ್ಯವಾದ’ ಎಂಬ ಸಂದೇಶ ಬರುತ್ತದೆ, ನಿಮಗೆ ಮಾತ್ರ ಏನೂ ಬರುವುದಿಲ್ಲ. ಬಹುಪಾಲು ಕಾರಣ ಇಷ್ಟು: ಕಳುಹಿಸಿದವರ ಜಾಗದಲ್ಲಿ ಫಾರಂ ಆ ಗಿರಾಕಿಯ ಇಮೇಲ್ ವಿಳಾಸವನ್ನೇ ಹಾಕಿ ನಿಮ್ಮ ಸರ್ವರ್‌ನಿಂದ ಪತ್ರ ಕಳಿಸುತ್ತದೆ. ಗಿರಾಕಿಯದು ಜಿಮೇಲ್ ವಿಳಾಸ, ಪತ್ರ ಹೊರಟದ್ದು ಜಿಮೇಲ್‌ಗೆ ಸಂಬಂಧವೇ ಇಲ್ಲದ ಸರ್ವರ್‌ನಿಂದ. ಪಡೆಯುವ ಕಡೆಯವರು ಎಸ್‌ಪಿಎಫ್, ಡಿಮಾರ್ಕ್ ಎಂಬ, ಪತ್ರ ನಿಜಕ್ಕೂ ಆ ವಿಳಾಸದವರದ್ದೇ ಎಂದು ನೋಡುವ ಪರೀಕ್ಷೆ ಮಾಡಿ, ಇದು ನಕಲಿ ಎಂದು ಸ್ಪ್ಯಾಮ್‌ಗೆ ತಳ್ಳುತ್ತಾರೆ ಅಥವಾ ತಿರಸ್ಕರಿಸುತ್ತಾರೆ. ಪರಿಹಾರ ಹೀಗೆ: ಕಳುಹಿಸುವ ವಿಳಾಸ ನಿಮ್ಮದೇ ಡೊಮೇನ್‌ನದ್ದಾಗಿರಲಿ, ಗಿರಾಕಿಯ ವಿಳಾಸ ‘ರಿಪ್ಲೈ ಟು’ ಜಾಗಕ್ಕೆ ಹೋಗಲಿ. ಪತ್ರಗಳು ಎಸ್‌ಎಂಟಿಪಿ (ಇಮೇಲ್ ಕಳಿಸುವ ವಿಧಾನ) ಪ್ಲಗಿನ್, ಅಂದರೆ ತಾಣಕ್ಕೆ ಜೋಡಿಸುವ ಚಿಕ್ಕ ಸಾಫ್ಟ್‌ವೇರ್ ಮೂಲಕ ನಿಜವಾದ ಇಮೇಲ್ ಖಾತೆಯಿಂದ ಹೊರಡಲಿ. ಡೊಮೇನ್‌ನ ಡಿಎನ್‌ಎಸ್‌ನಲ್ಲಿ, ಅಂದರೆ ಅದರ ದಾಖಲೆ ಪಟ್ಟಿಯಲ್ಲಿ, ಎಸ್‌ಪಿಎಫ್ ಮತ್ತು ಪತ್ರಕ್ಕೆ ಸಹಿಯಂತಿರುವ ಡಿಕಿಮ್ ದಾಖಲೆಗಳಿರಲಿ. ಆಮೇಲೆ ತಿಂಗಳಿಗೊಮ್ಮೆ ಬೇರೊಬ್ಬರ ಮೊಬೈಲಿನಿಂದ ಫಾರಂ ತುಂಬಿ ನೋಡಿ. ಜೊತೆಗೆ, ಬಂದ ವಿಚಾರಣೆಗಳನ್ನು ತಾಣದೊಳಗೂ ಉಳಿಸಿಕೊಳ್ಳುವ ಫಾರಂ ಪ್ಲಗಿನ್ ಆರಿಸಿಕೊಂಡರೆ, ಪತ್ರ ಕಳೆದುಹೋದರೂ ವಿಚಾರಣೆ ಉಳಿದಿರುತ್ತದೆ.

ಎರಡನ್ನೂ ಒಂದೇ ತಾಣದಲ್ಲಿ ಕೂರಿಸುವುದು

ಬ್ಲಾಗ್ ಬೇಕು ಎಂದು ತೀರ್ಮಾನವಾದರೆ ಅದು ಅದೇ ಡೊಮೇನ್‌ನೊಳಗೆ, ಒಂದು ಫೋಲ್ಡರ್‌ನಂತೆ ಇರಲಿ. ಸಬ್‌ಡೊಮೇನ್‌ನಲ್ಲಿ, ಅಂದರೆ ಡೊಮೇನ್ ಹೆಸರಿನ ಮುಂದೆ ಇನ್ನೊಂದು ಪದ ಸೇರಿಸಿದ ವಿಳಾಸದಲ್ಲಿ, ಇಟ್ಟರೂ ಗೂಗಲ್ ಓದುತ್ತದೆ. ಆದರೆ ಆಗ ಸಾಮಾನ್ಯವಾಗಿ ಎರಡು ಇನ್‌ಸ್ಟಾಲೇಶನ್, ಎರಡು ಕಡೆ ಅಪ್‌ಡೇಟ್, ಎರಡು ಥೀಮ್ (ತಾಣದ ವಿನ್ಯಾಸ) ಎಂದು ಕೆಲಸ ಇಮ್ಮಡಿಯಾಗುತ್ತದೆ, ಕೆಲವೇ ತಿಂಗಳಲ್ಲಿ ಬ್ಲಾಗ್ ಒಂದು ತರಹ, ತಾಣ ಒಂದು ತರಹ ಕಾಣತೊಡಗುತ್ತದೆ.

ವರ್ಡ್‌ಪ್ರೆಸ್‌ನಲ್ಲಿ ಕ್ರಮ ಹೀಗೆ:

1. ‘ಪೇಜಸ್’ ವಿಭಾಗದಲ್ಲಿ ಮುಖಪುಟಕ್ಕೊಂದು, ಬ್ಲಾಗ್‌ಗೊಂದು ಪುಟ ಮಾಡಿ. ಬ್ಲಾಗ್ ಪುಟವನ್ನು ಖಾಲಿ ಬಿಡಿ.
2. ‘ಸೆಟ್ಟಿಂಗ್ಸ್’ನಲ್ಲಿ ‘ರೀಡಿಂಗ್’ ತೆರೆದು, ಮೊದಲ ಪುಟ ಸ್ಥಿರ ಪುಟವಾಗಿರಲಿ ಎಂಬ ಆಯ್ಕೆ ಒತ್ತಿ. ಹೋಮ್‌ಪೇಜ್ ಎಂದಿರುವಲ್ಲಿ ಮುಖಪುಟವನ್ನೂ ಪೋಸ್ಟ್ಸ್ ಪೇಜ್ ಎಂದಿರುವಲ್ಲಿ ಬ್ಲಾಗ್ ಪುಟವನ್ನೂ ಆರಿಸಿ.
3. ಅದೇ ಪರದೆಯ ಕೆಳಗೆ, ಸರ್ಚ್ ಎಂಜಿನ್‌ಗಳು ಈ ತಾಣವನ್ನು ಸೂಚಿಗೆ ಸೇರಿಸಿಕೊಳ್ಳದಂತೆ ಹೇಳುವ ಒಂದು ಚೌಕವಿದೆ. ಕಟ್ಟುವಾಗ ಅದಕ್ಕೆ ಗುರುತು ಹಾಕಿರುತ್ತಾರೆ, ತೆರೆಯುವ ದಿನ ತೆಗೆಯಲು ಮರೆಯುತ್ತಾರೆ. ತಾಣ ಎಲ್ಲ ಸರಿಯಿದ್ದೂ ಗೂಗಲ್‌ನಲ್ಲಿ ಕಾಣದಿದ್ದರೆ ಮೊದಲು ನೋಡಬೇಕಾದ ಜಾಗ ಇದೇ.
4. ‘ಪರ್ಮಾಲಿಂಕ್ಸ್’ನಲ್ಲಿ ತಾರೀಖಿಲ್ಲದ ವಿಳಾಸ ಆರಿಸಿ. ವಿಳಾಸದಲ್ಲಿ ವರ್ಷ ಕೂತುಬಿಟ್ಟರೆ ಬರಹವನ್ನು ಎಷ್ಟು ತಿದ್ದಿದರೂ ಹಳೆಯದಾಗಿಯೇ ಕಾಣುತ್ತದೆ. ಬರಹದ ಹೆಸರಿನ ಮುಂದೆ ಬ್ಲಾಗ್ ಎಂಬ ಫೋಲ್ಡರ್ ಬರುವಂತೆ ‘ಕಸ್ಟಮ್’ ಆಯ್ಕೆಯಲ್ಲಿ ಬರೆದುಕೊಂಡರೆ ಮುಂದೆ ಲೆಕ್ಕ ನೋಡುವಾಗ ಬ್ಲಾಗ್ ಪುಟಗಳನ್ನಷ್ಟೇ ಸೋಸಿ ತೆಗೆಯಬಹುದು.

ಈ ನಾಲ್ಕನೆಯದನ್ನು ಮೊದಲ ಬರಹ ಹಾಕುವ ಮುನ್ನವೇ ಮುಗಿಸಿ. ಆಮೇಲೆ ಬದಲಿಸಿದರೆ ಹಳೆಯ ಕೊಂಡಿಗಳು ಮುರಿಯಬಹುದು.

ಕನ್ನಡದಲ್ಲಿ ಬರೆಯುವವರಿಗೆ ಇಲ್ಲಿ ಇನ್ನೊಂದು ಗುಂಡಿ ಇದೆ. ಶೀರ್ಷಿಕೆ ಕನ್ನಡದಲ್ಲಿದ್ದರೆ ವರ್ಡ್‌ಪ್ರೆಸ್ ವಿಳಾಸವನ್ನೂ ಕನ್ನಡದಲ್ಲೇ ಮಾಡುತ್ತದೆ. ಆದರೆ ಒಳಗೆ ಪ್ರತಿ ಕನ್ನಡ ಸಂಕೇತವೂ ಶೇಕಡಾ ಚಿಹ್ನೆಗಳಿಂದ ಕೂಡಿದ 9 ಅಕ್ಷರಗಳಾಗಿ ಉಳಿಯುತ್ತದೆ, ಇದರಲ್ಲಿ ಗುಣಿತದ ಚಿಹ್ನೆ, ಒತ್ತು ಎಲ್ಲ ಬೇರೆ ಬೇರೆ ಎಣಿಕೆ. ವಿಳಾಸದ ಈ ಭಾಗಕ್ಕೆ ಇರುವ ಮಿತಿ 200 ಅಕ್ಷರ. ಹಾಗಾಗಿ 22 ಸಂಕೇತ ದಾಟಿದ ಕೂಡಲೇ ವಿಳಾಸ ನಡುವೆಯೇ ತುಂಡಾಗುತ್ತದೆ. ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಹಂಚಿದರೆ ಪರದೆ ತುಂಬ ಶೇಕಡಾ ಚಿಹ್ನೆಗಳ ಸಾಲು ಬರುವುದೂ ಉಂಟು. ‘ಸ್ಲಗ್’ ಎಂಬ ಜಾಗದಲ್ಲಿ ರೋಮನ್ ಲಿಪಿಯ ಮೂರು ನಾಲ್ಕು ಚಿಕ್ಕ ಪದಗಳನ್ನು ಕೈಯಾರೆ ಹಾಕಿಬಿಟ್ಟರೆ ಎರಡೂ ತೊಂದರೆ ತಪ್ಪುತ್ತವೆ.

ವಿಭಾಗಗಳು ನಾಲ್ಕೈದು ಸಾಕು. ಟ್ಯಾಗ್‌ಗಳನ್ನು ಬಿಡುವುದೇ ಮೇಲು. ಹಾಕಿದ ಪ್ರತಿ ಟ್ಯಾಗ್‌ಗೂ ಒಂದು ಪಟ್ಟಿ ಪುಟ ಹುಟ್ಟುತ್ತದೆ. ಒಂದೊಂದೇ ಬರಹವಿರುವ ಎಂಬತ್ತು ಟ್ಯಾಗ್ ಪುಟಗಳು ತಾಣದಲ್ಲಿ ಕಸದಂತೆ ತುಂಬಿಕೊಳ್ಳುತ್ತವೆ. ಪ್ರತಿಕ್ರಿಯೆಗೆ ಉತ್ತರಿಸುವವರಿಲ್ಲದಿದ್ದರೆ ಆ ಸೌಲಭ್ಯ ಮುಚ್ಚಿಡಿ. ಆದರೆ ‘ಡಿಸ್ಕಶನ್’ ಸೆಟ್ಟಿಂಗ್ ಮುಚ್ಚಿದರೆ ಹೊಸ ಬರಹಗಳಿಗಷ್ಟೇ ಅನ್ವಯ. ಹಳೆಯವನ್ನು ಪಟ್ಟಿಯಲ್ಲಿ ಒಟ್ಟಿಗೆ ಆರಿಸಿ ‘ಬಲ್ಕ್ ಎಡಿಟ್’ನಲ್ಲಿ ಮುಚ್ಚಬೇಕು.

ಒಂದು ಬರಹ ಹೇಗಿರಬೇಕು

ನೀರಿನ ಪಂಪ್ ಮಾರಿ ರಿಪೇರಿಯನ್ನೂ ಮಾಡುವ ವ್ಯವಹಾರ ಎಂದುಕೊಳ್ಳಿ. ಗಿರಾಕಿ ಕೇಳುವ ಮಾತು: ‘ಮೋಟಾರ್ ಓಡ್ತಿದೆ, ನೀರು ಬರ್ತಿಲ್ಲ.’ ಶೀರ್ಷಿಕೆಯೂ ಹೆಚ್ಚುಕಡಿಮೆ ಅದೇ ಆಗಿರಲಿ. ‘ಪಂಪ್ ನಿರ್ವಹಣೆಯ ಮಹತ್ವ’ ಎಂದು ಯಾರೂ ಹುಡುಕುವುದಿಲ್ಲ.

ಮೊದಲ ಪ್ಯಾರಾದಲ್ಲೇ ಉತ್ತರ ಬರಬೇಕು: ಮೋಟಾರ್ ಆರಿಸಿ. ನೀರಿಲ್ಲದೆ ಓಡಿಸಿದರೆ ಸೀಲ್ ಸುಡುತ್ತದೆ. ಮೇಲೆ ಕೂರಿಸಿದ ಪಂಪ್ ಆಗಿದ್ದರೆ ಹೆಚ್ಚಾಗಿ ಗಾಳಿ ಹಿಡಿದಿರುತ್ತದೆ. ಆಮೇಲೆ ಗಿರಾಕಿ ತಾನೇ ನೋಡಬಹುದಾದ ಕ್ರಮದಲ್ಲಿ ಕಾರಣಗಳು. ನೀರಿನ ಮಟ್ಟ ಪೈಪಿನ ತುದಿಯ ಫುಟ್‌ವಾಲ್ವ್‌ಗಿಂತ ಕೆಳಗೆ ಇಳಿದಿದೆಯೇ? ನೀರು ತುಂಬಿಸಿದರೆ ನಿಲ್ಲುತ್ತದೆಯೇ, ಇಳಿದುಹೋಗುತ್ತದೆಯೇ? ಇಳಿದರೆ ಫುಟ್‌ವಾಲ್ವ್ ಹಿಡಿಯುತ್ತಿಲ್ಲ ಅಥವಾ ಅದರೊಳಗೆ ಕಸ ಸಿಕ್ಕಿದೆ. ನಿಂತೂ ನೀರು ಎತ್ತದಿದ್ದರೆ ಸಕ್ಷನ್ ಪೈಪಿನ ಕೀಲಿನಲ್ಲಿ ಗಾಳಿ ಎಳೆಯುತ್ತಿರಬಹುದು. ತ್ರೀ ಫೇಸ್ ಮೋಟಾರಿನ ವೈರ್ ಈಚೆಗೆ ಬಿಚ್ಚಿ ಕಟ್ಟಿದ್ದರೆ ಉಲ್ಟಾ ತಿರುಗುತ್ತಿರಬಹುದು, ಇದನ್ನು ತಿಳಿದವರೇ ನೋಡಬೇಕು. ನೀರನ್ನು ತಳ್ಳುವ ಚಕ್ರ, ಅಂದರೆ ಇಂಪೆಲ್ಲರ್, ಸವೆದಿದ್ದರೆ ಬಿಚ್ಚದೆ ಗೊತ್ತಾಗುವುದಿಲ್ಲ. ಇಲ್ಲಿಗೆ ಬಂದಾಗ ‘ಪಂಪ್ ರಿಪೇರಿ’ ಎಂಬ ಸೇವಾ ಪುಟಕ್ಕೆ ಕೊಂಡಿ. ಬರಹದ ನಡುವೆ, ಗಿರಾಕಿಗೆ ಕೈಲಾಗದ ಜಾಗ ಬಂದಲ್ಲಿ ಕೊಡುವ ಒಂದು ಕೊಂಡಿ, ಕೊನೆಯಲ್ಲಿ ದಪ್ಪಕ್ಷರದಲ್ಲಿ ‘ಇಂದೇ ಕರೆ ಮಾಡಿ’ ಎನ್ನುವುದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಎಲ್ಲ ಹೇಳಿಕೊಟ್ಟರೆ ಯಾರು ಕರೆಯುತ್ತಾರೆ ಎಂಬ ಭಯ ಬೇಡ. ನೀರು ತುಂಬಿಸಿದರೆ ಸರಿಹೋಗುವ ಪಂಪಿಗೆ ಅಷ್ಟು ದೂರ ಹೋಗಿ ಬರುವುದರಿಂದ ನಿಮಗೂ ಲಾಭವಿಲ್ಲ.

ಉದ್ದ ಎಷ್ಟಿರಬೇಕು ಎಂಬುದಕ್ಕೆ ಅಳತೆಯಿಲ್ಲ, ಉತ್ತರ ಮುಗಿದಲ್ಲಿ ಬರಹ ಮುಗಿಯಬೇಕು. ಶೀರ್ಷಿಕೆ ಮಾತ್ರ ಚಿಕ್ಕದಿರಲಿ. ಹುಡುಕಾಟದ ಫಲಿತಾಂಶದಲ್ಲಿ ಉದ್ದ ಶೀರ್ಷಿಕೆಯ ಬಾಲ ಕತ್ತರಿಸಿಹೋಗುತ್ತದೆ, ಆದ್ದರಿಂದ ಮುಖ್ಯ ಪದಗಳು ಮುಂದೆಯೇ ಬರಲಿ.

ಮೊಬೈಲಿನಲ್ಲಿ ತೆಗೆದ ಫೋಟೊ 4000 ಪಿಕ್ಸೆಲ್ ಅಗಲ, ಮೂರರಿಂದ ಐದು ಎಂಬಿ ತೂಕ ಇರುವುದುಂಟು. ಅದನ್ನು ಹಾಗೆಯೇ ಏರಿಸಬೇಡಿ. ಅಗಲವನ್ನು 1600 ಅಥವಾ ಅದಕ್ಕೂ ಕಡಿಮೆಗೆ ಇಳಿಸಿ, ವೆಬ್‌ಪಿ ರೂಪದಲ್ಲಿ 200 ಕೆಬಿ ಒಳಗೆ ತನ್ನಿ. ಗೂಗಲ್ ಇಟ್ಟ ವೇಗದ ಗೆರೆಗಳು ಮೂರು: ಪುಟದ ದೊಡ್ಡ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಮುಟ್ಟಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಸ್ಪಂದಿಸಬೇಕು, ಓದುವಾಗ ಪುಟ ಜಿಗಿಯುವ ಅಳತೆ 0.1 ದಾಟಬಾರದು. ಸಣ್ಣ ತಾಣಗಳು ಮೊದಲನೆಯದರಲ್ಲಿ ಬೀಳುವುದು ಹೆಚ್ಚಾಗಿ ಮುಖಪುಟದ ಮೇಲಿನ ಜಾರುವ ಚಿತ್ರಗಳಿಂದ. ಐದು ಚಿತ್ರ ಜಾರಿಸುವ ಬದಲು ಒಂದೇ ಒಳ್ಳೆಯ ಚಿತ್ರ ಇಡಿ.

ಬ್ಲಾಗ್ ತೆರೆಯುವ ದಿನಕ್ಕೆ ನಾಲ್ಕು ಬರಹ ಸಿದ್ಧವಾಗಿರಲಿ, ಎರಡನ್ನು ಹಾಕಿ, ಎರಡನ್ನು ಕೈಯಲ್ಲಿಟ್ಟುಕೊಳ್ಳಿ. ಕೆಲಸದ ಒತ್ತಡದ ತಿಂಗಳು ಬಂದೇ ಬರುತ್ತದೆ.

ಬರಹವೇ ಸೇವಾ ಪುಟಕ್ಕೆ ಅಡ್ಡ ಬಂದಾಗ

ಕೆಲವೊಮ್ಮೆ ಬ್ಲಾಗ್ ಚೆನ್ನಾಗಿ ನಡೆದದ್ದೇ ತೊಂದರೆಯಾಗುತ್ತದೆ. ‘ಪಂಪ್ ರಿಪೇರಿ’ ಎಂದು ಹುಡುಕಿದವರಿಗೆ ಸೇವಾ ಪುಟದ ಬದಲು ಬ್ಲಾಗ್ ಬರಹ ಸಿಗುತ್ತದೆ. ಅವರು ಓದಿ ಹೊರಟುಹೋಗುತ್ತಾರೆ. ಪತ್ತೆಹಚ್ಚಲು ಗೂಗಲ್ ಸರ್ಚ್ ಕನ್ಸೋಲ್‌ನ (ತಾಣ ಹುಡುಕಾಟದಲ್ಲಿ ಹೇಗೆ ಕಾಣುತ್ತಿದೆ ಎಂದು ತೋರಿಸುವ ಗೂಗಲ್‌ನ ಸಾಧನ) ಪರ್ಫಾರ್ಮೆನ್ಸ್ ವರದಿಯಲ್ಲಿ ಆ ಹುಡುಕಾಟದ ಮಾತನ್ನು ಒತ್ತಿ, ‘ಪೇಜಸ್’ ಪಟ್ಟಿ ನೋಡಿ. ಒಂದೇ ಮಾತಿಗೆ ಎರಡು ಪುಟ ಬರುತ್ತಿದ್ದು ಯಾವುದೂ ಮೇಲೇರದಿದ್ದರೆ ಅವು ಒಂದಕ್ಕೊಂದು ಅಡ್ಡ ಬರುತ್ತಿರಬಹುದು. ಬರಹದ ಶೀರ್ಷಿಕೆಯನ್ನು ಪ್ರಶ್ನೆಗೆ ತಿರುಗಿಸಿ, ಅದರೊಳಗಿಂದ ಸೇವಾ ಪುಟಕ್ಕೆ ಸ್ಪಷ್ಟ ಕೊಂಡಿ ಕೊಡಿ. ಎರಡರಲ್ಲೂ ಹೇಳಿದ್ದು ಒಂದೇ ಆಗಿದ್ದರೆ ಒಳ್ಳೆಯ ಭಾಗಗಳನ್ನು ಸೇವಾ ಪುಟಕ್ಕೆ ಸೇರಿಸಿ, ಬರಹದ ವಿಳಾಸವನ್ನು ಅದಕ್ಕೆ 301 ರೀಡೈರೆಕ್ಟ್ ಮಾಡಿ, ಅಂದರೆ ಶಾಶ್ವತವಾಗಿ ತಿರುಗಿಸಿ.

ಸರ್ಚ್ ಕನ್ಸೋಲ್‌ಗೆ ತಾಣವನ್ನು ಮೊದಲ ದಿನವೇ ಸೇರಿಸಿ. ಸೇರಿಸಿದ ಮೇಲಷ್ಟೇ ಲೆಕ್ಕ ಕೂಡತೊಡಗುತ್ತದೆ, ಉಳಿಯುವುದು ಹಿಂದಿನ 16 ತಿಂಗಳದ್ದು ಮಾತ್ರ. ಸಂಪರ್ಕ ಫಾರಂನಲ್ಲಿ ಕಣ್ಣಿಗೆ ಕಾಣದ ಒಂದು ಜಾಗದಲ್ಲಿ, ಯಾವ ಪುಟದಿಂದ ಫಾರಂ ಬಂತು ಎಂಬುದು ದಾಖಲಾಗುವಂತೆ ಮಾಡಿ. ಭೇಟಿಗಳ ಸಂಖ್ಯೆ ಖುಷಿ ಕೊಡಬಹುದು, ಬ್ಲಾಗ್ ತನ್ನ ಖರ್ಚು ಹುಟ್ಟಿಸುತ್ತಿದೆಯೇ ಎಂದು ಹೇಳುವುದು ಈ ದಾಖಲೆ.

ಹಳೆಯ ತಾಣದಿಂದ ಹೊಸದಕ್ಕೆ

ಬ್ಲಾಗ್ ಒಂದು ಕಡೆ, ತಾಣ ಇನ್ನೊಂದು ಕಡೆ ಬೆಳೆದಿದ್ದು ಈಗ ಸೇರಿಸಬೇಕು ಎಂದಾದರೆ, ಮೊದಲು ಹಳೆಯ ವಿಳಾಸಗಳ ಪೂರ್ತಿ ಪಟ್ಟಿಯನ್ನು ಸ್ಪ್ರೆಡ್‌ಶೀಟ್‌ಗೆ ತನ್ನಿ. ಪ್ರತಿಯೊಂದರ ಎದುರಿನ ಕಾಲಂನಲ್ಲಿ ಹೊಸ ವಿಳಾಸ ಬರೆಯಿರಿ. ಪ್ರತಿಯೊಂದಕ್ಕೂ ಅದರದೇ ಜೋಡಿ ಬೇಕು. ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸಿದರೆ ಗೂಗಲ್ ಅದನ್ನು ‘ಪುಟವೇ ಇಲ್ಲ’ ಎಂದು ಎಣಿಸುವುದುಂಟು, ಕೊಂಡಿ ಒತ್ತಿ ಬಂದವರಿಗೂ ಬೇಕಾದ್ದು ಸಿಗದು. ರೀಡೈರೆಕ್ಟ್ 301 ಆಗಿರಲಿ, ತಾತ್ಕಾಲಿಕ ಎಂದು ಹೇಳುವ 302 ಬೇಡ. ಕಡಿಮೆಯೆಂದರೆ ಒಂದು ವರ್ಷ ಅದನ್ನು ಉಳಿಸಿ, ಆಗುವುದಾದರೆ ತೆಗೆಯಲೇಬೇಡಿ. ತಾಣದ ಒಳಗಿನ ಕೊಂಡಿಗಳನ್ನು ನೇರವಾಗಿ ಹೊಸ ವಿಳಾಸಕ್ಕೆ ತಿದ್ದಿ, ಹೊಸ ಸೈಟ್‌ಮ್ಯಾಪ್ (ತಾಣದ ಪುಟಗಳ ಪಟ್ಟಿ) ಸರ್ಚ್ ಕನ್ಸೋಲ್‌ನಲ್ಲಿ ಸಲ್ಲಿಸಿ. ವಿಳಾಸ, ವಿನ್ಯಾಸ, ಪಠ್ಯ ಮೂರನ್ನೂ ಒಂದೇ ವಾರ ಬದಲಿಸಬೇಡಿ. ಭೇಟಿ ಕುಸಿದರೆ ಯಾವುದರಿಂದ ಎಂದು ಆಮೇಲೆ ಹುಡುಕಲಾಗದು.

ವಾರಕ್ಕೊಮ್ಮೆ ಬ್ಯಾಕಪ್ ಆಗಲಿ. ಅದೇ ಸರ್ವರ್‌ನಲ್ಲಿಟ್ಟ ಬ್ಯಾಕಪ್ ಸರ್ವರ್ ಜೊತೆಗೇ ಹೋಗುತ್ತದೆ, ಒಂದು ಪ್ರತಿ ಹೊರಗಿರಲಿ.

ಬ್ಲಾಗ್ ನಿಂತುಹೋದರೆ

ಆರು ತಿಂಗಳಿಂದ ಯಾರೂ ಬರೆದಿಲ್ಲ, ಮುಂದೆಯೂ ಬರೆಯುವಂತಿಲ್ಲ ಎಂದಾದರೆ ಇಡೀ ಬ್ಲಾಗ್ ಅಳಿಸಬೇಡಿ. ಸರ್ಚ್ ಕನ್ಸೋಲ್‌ನಲ್ಲಿ ಕಳೆದ 12 ತಿಂಗಳ ಲೆಕ್ಕ ತೆಗೆದು ಬರಹಗಳನ್ನು ಎರಡು ಗುಂಪು ಮಾಡಿ. ಜನ ಬರುತ್ತಿರುವ ಬರಹಗಳನ್ನು ಅದೇ ವಿಳಾಸದಲ್ಲಿ ಉಳಿಸಿ, ಥೀಮ್‌ನಲ್ಲಿ ತಾರೀಖು ಕಾಣದಂತೆ ಮಾಡಿ, ಮೆನುವಿನಲ್ಲಿ ‘ಬ್ಲಾಗ್’ ಎಂದಿದ್ದುದನ್ನು ‘ಮಾಹಿತಿ’ ಎಂದು ಬದಲಿಸಿ, ವರ್ಷಕ್ಕೊಮ್ಮೆ ಓದಿ ತಿದ್ದಿ. ಮುಖಪುಟದಲ್ಲಿ ‘ಇತ್ತೀಚಿನ ಬರಹಗಳು’ ಎಂಬ ಪಟ್ಟಿ ಇದ್ದರೆ ತೆಗೆಯಿರಿ. ಯಾರೂ ಬಾರದ ಬರಹಗಳಲ್ಲಿ, ಹಬ್ಬದ ಶುಭಾಶಯ, ಮುಗಿದುಹೋದ ರಿಯಾಯಿತಿಯಂಥವನ್ನು ಅಳಿಸಿ. ಅಳಿಸುವ ಮುನ್ನ ಬೇರೆ ತಾಣಗಳಿಂದ ಅದಕ್ಕೆ ಕೊಂಡಿ ಇದೆಯೇ ಎಂದು ಸರ್ಚ್ ಕನ್ಸೋಲ್‌ನ ಲಿಂಕ್ಸ್ ವರದಿಯಲ್ಲಿ ನೋಡಿ. ಇದ್ದರೆ ಅದೇ ವಿಷಯದ ಪುಟಕ್ಕೆ 301 ಹಾಕಿ, ಇಲ್ಲದಿದ್ದರೆ ಪುಟ ಸಿಗಲಿಲ್ಲ ಎಂಬ 404 ಬಂದರೂ ಏನೂ ನಷ್ಟವಿಲ್ಲ.